ಅಂಗಳ ಗುಡಿಸುವ ಕಾಯಕವೂ ಉದ್ಯಮವೇ

ಹನ್ನೆರಡನೆಯ ಶತಮಾನದ ಶರಣರು ಕೈಗೊಂಡ ಕಾಯಕಗಳಲ್ಲಿ ಅಂಗಳ ಗುಡಿಸುವುದೂ ಒಂದು. ಶಿವಮೊಗ್ಗ ಸೀಮೆಯ ಹಿರೇಜಂಬೂರಿನ ಸತ್ಯಕ್ಕ ಶಿವಭಕ್ತರ ಮನೆಯಂಗಳವನ್ನು ಗುಡಿಸಿ ಬಾಳಿದ ಶರಣೆ. ದಾರಿಯಲ್ಲಿ ಬಿದ್ದಿದ್ದ ಹೊನ್ನನ್ನೂ ಕೈಮುಟ್ಟಿ ಎತ್ತೆನೆಂದು ಆಕೆ ತನ್ನ ವಚನದಲ್ಲಿ ಆಣೆಯಿಟ್ಟು ಹೇಳಿದ್ದಾಳೆ. ಆಕೆಯನ್ನು ಸ್ಮರಿಸಿ ಕೈಮುಗಿಯುವ ನಾವು, ನಮ್ಮ ಮನೆಯ ಮಗನೋ ಸೊಸೆಯೋ ಶುಚಿಕಾರ್ಯದಿಂದ ಸಂಪಾದಿಸುವೆನೆಂದರೆ ಸಂತೋಷದಿಂದ ಒಪ್ಪುತ್ತೇವೆಯೇ? ಈ ಪ್ರಶ್ನೆಯನ್ನು ಪ್ರತಿಯೊಂದು ಕುಟುಂಬವೂ ತನಗೆ ತಾನೇ ಕೇಳಿಕೊಳ್ಳಬೇಕಾಗಿದೆ.

ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಾಫಿ ತೋಟಗಳ ಸೀಮೆ. ಇಂತಹ ಊರುಗಳಲ್ಲಿ ಮಕ್ಕಳು ಓದಿ ಪಟ್ಟಣ ಸೇರಿದ ಮೇಲೆ ದೊಡ್ಡ ಮನೆಗಳಲ್ಲಿ ಉಳಿಯುವವರು ವಯಸ್ಸಾದ ತಂದೆತಾಯಿಗಳು. ಮಳೆಗಾಲ ಕಳೆಯುವ ಹೊತ್ತಿಗೆ ಅಂಗಳಕ್ಕೆ ಪಾಚಿ ಕಟ್ಟಿರುತ್ತದೆ. ನೀರಿನ ತೊಟ್ಟಿಯ ತಳದಲ್ಲಿ ಕೆಸರು ಕೂತಿರುತ್ತದೆ. ಹೆಂಚಿನ ಮೇಲೆ ಎಲೆ ಕೊಳೆಯುತ್ತಿರುತ್ತದೆ. ಇದಲ್ಲದೆ 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇಗುಲಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಯಾತ್ರಿಕರು ತಂಗುವ ವಸತಿಗೃಹ, ಹೋಂಸ್ಟೇ, ಕಲ್ಯಾಣಮಂಟಪಗಳಿಗೆಲ್ಲ ಶುಚಿಗೊಳಿಸುವ ಕೈಗಳು ಬೇಕು. ಕೆಲಸವಿದೆ, ಅದನ್ನು ಗೌರವದಿಂದ ಕೈಗೆತ್ತಿಕೊಳ್ಳುವವರು ಬೇಕಾಗಿದ್ದಾರೆ.

ಇದಕ್ಕೆ ಭಾರಿ ಬಂಡವಾಳ ಬೇಕಿಲ್ಲ. ಪೊರಕೆ, ಬ್ರಷ್ಷು, ಬಕೆಟ್ಟು, ಏಣಿ, ಕೈಗವಸು, ಗಂಬೂಟುಗಳಿಂದ ಆರಂಭಿಸಬಹುದು. ಆದರೆ ತಿಳಿವಳಿಕೆ ಬೇಕು. ಬ್ಲೀಚಿಂಗ್ ಪುಡಿಯನ್ನೂ ಶೌಚಾಲಯ ತೊಳೆಯುವ ಆಸಿಡ್ಡನ್ನೂ ಎಂದಿಗೂ ಬೆರೆಸಬಾರದು. ಅದರಿಂದ ಏಳುವ ಕ್ಲೋರಿನ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ. ಅಮೃತಶಿಲೆಯ ನೆಲಕ್ಕೆ ಆಸಿಡ್ ತಾಗಿದರೆ ಹೊಳಪು ಹೋಗುತ್ತದೆ. ನೀರಿನ ತೊಟ್ಟಿಯನ್ನು ಬರಿದು ಮಾಡಿ, ಉಜ್ಜಿ, ಕೆಸರು ತೆಗೆದ ಮೇಲೆ ನೀರು ತುಂಬಿ, ಸಾವಿರ ಲೀಟರಿಗೆ ಸುಮಾರು 150 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪುಡಿ ಕದಡಿ, ಒಂದು ರಾತ್ರಿ ಬಿಟ್ಟು, ಆ ನೀರನ್ನೆಲ್ಲ ಚೆಲ್ಲಿ ಮತ್ತೆ ತೊಳೆದ ಬಳಿಕವೇ ಕುಡಿಯುವ ನೀರು ತುಂಬಬೇಕು.

ಇನ್ನು ಅತ್ಯಂತ ಮುಖ್ಯವಾದ ಮಾತು. ಶೌಚದ ಗುಂಡಿಗೆ ಯಾರನ್ನೂ ಇಳಿಸಕೂಡದು. ಅಲ್ಲಿ ಕಟ್ಟಿಕೊಂಡ ವಿಷಗಾಳಿ ಕೆಲವೇ ಉಸಿರಿನಲ್ಲಿ ಪ್ರಜ್ಞೆ ತಪ್ಪಿಸಬಲ್ಲದು. ಬಿದ್ದವನನ್ನು ಎತ್ತಲು ಇಳಿದವನೂ ಎಷ್ಟೋ ಬಾರಿ ಮೇಲೆ ಬಂದಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಹೀಗೆ ಇಳಿಸುವವರಿಗೆ 2013ರ ಕಾಯಿದೆಯು ಮೊದಲ ಅಪರಾಧಕ್ಕೇ 2 ವರ್ಷಗಳವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡನ್ನೂ ವಿಧಿಸುತ್ತದೆ. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಸಲ್ಲಬೇಕಾದ ಪರಿಹಾರವನ್ನು 2023ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. ಗುಂಡಿ ತುಂಬಿದರೆ ಹೀರುವ ಯಂತ್ರದ ಗಾಡಿಯನ್ನು ಕರೆಸುವುದೊಂದೇ ದಾರಿ. ಈ ಹೊಲೆಗೆಲಸವೆಂದು ಹೀಗಳೆದ ಭಾರವನ್ನು ತಲೆಮಾರುಗಳಿಂದ ಕೆಲವೇ ಜಾತಿಗಳ ತಲೆಗೆ ಹೊರಿಸಿದ್ದು ನಮ್ಮ ಸಮಾಜದ ಪಾಪ. ಮಾಲೀಕನು ನೆರಳಿನಲ್ಲಿ ಕುಳಿತು, ಅದೇ ಜನರನ್ನು ಅದೇ ಗುಂಡಿಗೆ ಅಟ್ಟುವುದಾದರೆ ಅದು ವ್ಯಾಪಾರವೇ ಹೊರತು ಕಾಯಕವಲ್ಲ. ತಾನು ಮಾಡದ ಕೆಲಸವನ್ನು ಇನ್ನೊಬ್ಬರಿಂದ ಮಾಡಿಸದಿರುವುದೇ ಈ ಉದ್ಯಮದ ಮೊದಲ ನೇಮವಾಗಲಿ.

ಹಣದ ವಿಚಾರದಲ್ಲಿ ಕೆಲವು ಸೂಚನೆಗಳು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿಗಳವರೆಗೆ ಅಡಮಾನವಿಲ್ಲದ ಸಾಲ ದೊರೆಯುತ್ತದೆ. ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ದಲ್ಲಾಳಿಗಳಿಗೆ ಹಣ ತೆರಬೇಡಿ. ದರ ಹೇಳುವಾಗ ಕೂಲಿ, ಸಾಮಗ್ರಿ, ಪ್ರಯಾಣ, ಸಲಕರಣೆಯ ಸವೆತ, ಈ ನಾಲ್ಕನ್ನೂ ಬರೆದು ಕೂಡಿಸಿ, ಆಮೇಲೆ ಲಾಭ ಸೇರಿಸಿರಿ. ನೆಂಟರೆಂದು ದರ ಇಳಿಸಿ, ಕೊನೆಗೆ ಕೂಲಿಯವರ ಬಟವಾಡೆಗೆ ಕತ್ತರಿ ಹಾಕಬಾರದು.

ಈ ದಾರಿಯಲ್ಲಿ ನಡೆದವರು ನಮ್ಮ ನಾಡಿನಲ್ಲಿಯೇ ಇದ್ದಾರೆ. ಬೆಂಗಳೂರಿನಲ್ಲಿ ಹಸಿರು ದಳವೆಂಬ ಸಂಸ್ಥೆಯ ಆಸರೆಯಿಂದ ಬೀದಿಯಲ್ಲಿ ಕಸ ಆಯುತ್ತಿದ್ದ ಅನೇಕರು ಒಣಕಸ ಸಂಗ್ರಹ ಕೇಂದ್ರಗಳನ್ನು ನಡೆಸುವವರಾದರು. ಹಲವು ಗ್ರಾಮ ಪಂಚಾಯಿತಿಗಳಲ್ಲಿ ಸ್ವಸಹಾಯ ಸಂಘದ ತಾಯಂದಿರು ಕಸದ ವಾಹನವನ್ನು ತಾವೇ ಓಡಿಸುತ್ತಿದ್ದಾರೆ.

ಪರರ ಮನೆಯ ಒಳಕೋಣೆಯವರೆಗೆ ಹೋಗುವ ಉದ್ಯಮವಿದು. ಇಲ್ಲಿ ನಂಬಿಕೆಯೇ ನಿಜವಾದ ಬಂಡವಾಳ. ಮಂಚದಡಿಯಲ್ಲಿ ಸಿಕ್ಕ ಉಂಗುರವನ್ನು ಮನೆಯವರ ಕೈಗೇ ಒಪ್ಪಿಸಿದವರ ಹೆಸರು ಯಾವ ಜಾಹೀರಾತೂ ಇಲ್ಲದೆ ಊರೂರಿಗೆ ಹಬ್ಬುತ್ತದೆ. ಕೆಲಸಕ್ಕೆ ಬಂದವರನ್ನು ಹಿತ್ತಿಲ ಬಾಗಿಲಿಗೆ ನಿಲ್ಲಿಸದೆ, ಹಜಾರದಲ್ಲಿ ಕೂರಿಸಿ, ನಾವು ಕುಡಿಯುವ ಲೋಟದಲ್ಲಿಯೇ ಕಾಫಿ ಕೊಡುವ ಹೊಣೆ ಮನೆಯವರದು. ಸತ್ಯಕ್ಕನಿಗೆ ನಾವು ಸಲ್ಲಿಸಬಹುದಾದ ಪೂಜೆ ಅಲ್ಲಿಂದಲೇ ಮೊದಲಾಗಲಿ.