ಸಾರ್ವಜನಿಕ ಸರ್ವರಿನಲ್ಲಿ ಅಪ್ರಕಟಿತ ಸೋರ್ಸ್ ಕೋಡ್: ರಕ್ಷಣೆಯ ಸ್ವರೂಪ

ಗಣಕಯಂತ್ರವನ್ನು ನಡೆಸುವ ಪ್ರೋಗ್ರಾಮನ್ನು ಮನುಷ್ಯನು ಓದಿ ತಿದ್ದಬಲ್ಲ ರೂಪದಲ್ಲಿ ಬರೆದಿಟ್ಟ ಪಾಠಕ್ಕೆ ಸೋರ್ಸ್ ಕೋಡ್ ಎಂದು ಹೆಸರು. ಬೇರೆ ಬೇರೆ ಊರುಗಳಲ್ಲಿರುವ ಸಂಶೋಧಕರು ಕೂಡಿ ಒಂದು ಪ್ರೋಗ್ರಾಮನ್ನು ರಚಿಸುವಾಗ, ಅದು ಪ್ರಕಟಣೆಗೆ ಸಿದ್ಧವಾಗುವ ಮೊದಲೇ ಎಲ್ಲರಿಗೂ ಎಟುಕುವ ಸರ್ವರೊಂದರಲ್ಲಿ ಅದನ್ನು ಇಡಬೇಕಾಗುತ್ತದೆ. ಆ ಸರ್ವರು ಸಾರ್ವಜನಿಕವಾದುದಾದರೆ ಪಾಠದ ರಕ್ಷಣೆ ಹೇಗೆ? ಈ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳು ಅಡಗಿವೆ. ಅನ್ಯರು ಓದದಂತೆ ತಡೆಯುವುದು ಒಂದು. ಅನ್ಯರು ತಿದ್ದಿದರೆ ಅದನ್ನು ಕಂಡುಹಿಡಿಯುವುದು ಇನ್ನೊಂದು.

ಮೊದಲನೆಯದನ್ನು ನೋಡೋಣ. ಅಮೆರಿಕದ ವಾಲ್ವ್ ಸಂಸ್ಥೆಯು ಸಿದ್ಧಪಡಿಸುತ್ತಿದ್ದ ‘ಹಾಫ್-ಲೈಫ್ 2’ ಎಂಬ ಆಟದ ಕೋಡು 2003ರಲ್ಲಿ ಕಳುವಾಗಿ ಅಂತರಜಾಲದಲ್ಲಿ ಹರಡಿತು. ಆಟವು ಹೊರಬಂದುದು 2004ರ ನವೆಂಬರಿನಲ್ಲಿ. ಸಂಸ್ಥೆಯ ಸ್ವಂತ ಜಾಲದೊಳಗಿದ್ದ ಪಾಠಕ್ಕೇ ಈ ಗತಿಯಾದರೆ, ಸಾರ್ವಜನಿಕ ಸರ್ವರಿನ ಮಾತನ್ನು ಹೇಳಬೇಕಾಗಿಲ್ಲ. ಕಳುವಾದ ಒಡವೆಯನ್ನು ಮರಳಿ ಪಡೆಯಬಹುದು. ಹರಡಿದ ಪ್ರತಿಯನ್ನು ಹಿಂದಕ್ಕೆ ಕರೆಯುವ ಉಪಾಯವಿಲ್ಲ.

ತಪ್ಪಿ ಇಟ್ಟುದನ್ನು ಅಳಿಸಿಬಿಟ್ಟರೆ ಸಾಕೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ ಗಿಟ್ ವ್ಯವಸ್ಥೆಯು ಪಾಠದ ಪ್ರತಿಯೊಂದು ಹಿಂದಿನ ಅವಸ್ಥೆಯನ್ನೂ ಕಾದಿರಿಸುತ್ತದೆ. ಇಂದು ಅಳಿಸಿದ ಗುಪ್ತಪದವು ನಿನ್ನೆಯ ಅವಸ್ಥೆಯಲ್ಲಿ ಹಾಗೆಯೇ ಉಳಿದಿರುತ್ತದೆ. ಪ್ರತಿ ಮಾಡಿಕೊಂಡವನ ಬಳಿಗೆ ಸಾಮಾನ್ಯವಾಗಿ ಆ ಇತಿಹಾಸವೆಲ್ಲವೂ ಹೋಗುತ್ತದೆ. ಆದುದರಿಂದ ಹೊರಬಿದ್ದ ಗುಪ್ತಪದವನ್ನು ಅಳಿಸುವುದಷ್ಟೇ ಅಲ್ಲ, ಬದಲಾಯಿಸುವುದೇ ಮುಖ್ಯ.

ಸರ್ವರಿನ ಪ್ರವೇಶಾನುಮತಿಯು ಬಾಗಿಲಿಗೆ ಹಾಕಿದ ಬೀಗದಂತೆ. ಆದರೆ ಆ ಬಾಗಿಲು ಸರ್ವರಿನ ಪಾಲಕನ ಅಧೀನದಲ್ಲಿರುತ್ತದೆ. ಬೀಗ ಮುರಿದರೆ ಒಳಗಿನ ಪಾಠವು ತೆರೆದೇ ಇರುತ್ತದೆ. ಇದಕ್ಕೆ ಭಿನ್ನವಾದ ಮಾರ್ಗವೆಂದರೆ, ಪಾಠವನ್ನು ಕಳುಹಿಸುವ ಮುನ್ನವೇ ಲೇಖಕನು ಗೂಢಲಿಪಿಗೆ ಪರಿವರ್ತಿಸುವುದು. ಗೂಢಲಿಪಿಯ ವಿಧಾನವು ಶತ್ರುವಿಗೆ ತಿಳಿದರೂ ಬಾಧಕವಾಗಬಾರದು, ಗೋಪ್ಯವೆಲ್ಲ ಕೀಲಿಯಲ್ಲಿರಬೇಕು ಎಂಬ ತತ್ತ್ವವನ್ನು ಆಗಸ್ಟ್ ಕೆರ್ಕ್‌ಹಾಫ್ಸ್ 1883ರಲ್ಲಿಯೇ ಪ್ರತಿಪಾದಿಸಿದನು. 2001ರಲ್ಲಿ ಅಮೆರಿಕದಲ್ಲಿ ಪ್ರಮಾಣವಾಗಿ ಅಂಗೀಕೃತವಾದ ಎಇಎಸ್ ವಿಧಾನವು ಬಹಿರಂಗವಾದುದೇ. ಅದರ 128, 192 ಅಥವಾ 256 ಬಿಟ್ಟುಗಳ ಕೀಲಿ ಮಾತ್ರ ಗುಪ್ತ. ಕೀಲಿಯು ಸರ್ವರಿನಲ್ಲಿರದಿದ್ದರೆ, ಅದನ್ನು ಭೇದಿಸಿದವನಿಗೆ ದೊರೆಯುವುದು ಅರ್ಥವಾಗದ ಅಕ್ಷರರಾಶಿ. ಇದಕ್ಕೂ ಮಿತಿಯುಂಟು: ಸಹಕಾರಿಗಳಿಗೆಲ್ಲ ಕೀಲಿಯನ್ನು ಹಂಚಬೇಕು, ಮತ್ತು ಒಮ್ಮೆ ಓದಿದವನಿಂದ ಓದಿದುದನ್ನು ಕಸಿದುಕೊಳ್ಳಲಾಗದು.

ಎರಡನೆಯ ಪ್ರಶ್ನೆಗೆ 2003ರ ನವೆಂಬರಿನ ಘಟನೆಯೊಂದು ಉತ್ತಮ ನಿದರ್ಶನ. ಲಿನಕ್ಸ್ ಕರ್ನಲ್ಲಿನ ಪಾಠದ ಒಂದು ಸಾರ್ವಜನಿಕ ನಕಲಿನಲ್ಲಿ ಯಾರೋ ಎರಡು ಸಾಲುಗಳನ್ನು ಸೇರಿಸಿದರು. ಸಿ ಭಾಷೆಯಲ್ಲಿ ಜೋಡಿ ಸಮಚಿಹ್ನೆಯು ಹೋಲಿಸುತ್ತದೆ. ಒಂಟಿ ಸಮಚಿಹ್ನೆಯು ಬೆಲೆಯನ್ನೇ ಬದಲಿಸುತ್ತದೆ. ಆ ಸಾಲುಗಳಲ್ಲಿದ್ದುದು ಒಂಟಿ ಚಿಹ್ನೆ. ಬಳಕೆದಾರನ ಸಂಖ್ಯೆಯನ್ನು ಪರೀಕ್ಷಿಸುವಂತೆ ತೋರುತ್ತ, ಅದು ಅವನ ಸಂಖ್ಯೆಯನ್ನು 0 ಮಾಡಿ ಸರ್ವಾಧಿಕಾರವನ್ನು ಕೊಡುತ್ತಿತ್ತು. ಮೂಲಪಾಠವು ಬೇರೊಂದು ವ್ಯವಸ್ಥೆಯಲ್ಲಿದ್ದು, ನಕಲನ್ನು ಅದರೊಡನೆ ತಾಳೆ ನೋಡಿದುದರಿಂದ ಕೃತ್ರಿಮವು ಬಯಲಾಯಿತು. ಮೂಲಕ್ಕೆ ಅದು ಸೇರಲೇ ಇಲ್ಲ.

ಈ ತಾಳೆಯನ್ನು ಇಂದು ಹ್ಯಾಶ್ ಎಂಬ ಸಂಖ್ಯೆಯಿಂದ ನಡೆಸುವುದು ರೂಢಿ. ಪಾಠದಲ್ಲಿ ಒಂದಕ್ಷರ ಬದಲಾದರೂ ಹ್ಯಾಶ್ ಬೇರೆಯಾಗುತ್ತದೆ. ಆದರೆ ಪಾಠವನ್ನು ತಿದ್ದಬಲ್ಲವನು ಅದರ ಪಕ್ಕದಲ್ಲಿಟ್ಟ ಹ್ಯಾಶನ್ನೂ ತಿದ್ದಬಲ್ಲನು. ಆದಕಾರಣ ಅದು ಬೇರೆಡೆಯಲ್ಲಿರಬೇಕು, ಇಲ್ಲವೆ ಲೇಖಕನ ಡಿಜಿಟಲ್ ಸಹಿಯಿಂದ ದೃಢಪಟ್ಟಿರಬೇಕು.

ಎರಡು ಪ್ರಶ್ನೆಗಳ ಉತ್ತರವೂ ಹೀಗೆ ಒಂದೆಡೆಗೆ ಬಂದು ನಿಲ್ಲುತ್ತದೆ. ಗೂಢಲಿಪಿಯ ಕೀಲಿಯೂ ಸಹಿಯ ಕೀಲಿಯೂ ಸರ್ವರಿನ ಹೊರಗೆ, ಲೇಖಕನ ವಶದಲ್ಲಿರಬೇಕು. ಸಾರ್ವಜನಿಕ ಸರ್ವರು ಪಾಠವನ್ನು ಹೊರುವ ವಾಹನ ಮಾತ್ರ. ಅದರ ಕಾವಲನ್ನೂ ವಾಹನಕ್ಕೇ ಒಪ್ಪಿಸುವುದು ಯುಕ್ತವಲ್ಲ.