ನೆರೆಯ ಮೇಲೆ ನಿಲ್ಲುವ ಯಂತ್ರ: ಆಟದಲ್ಲಿ ಕಟ್ಟಿ ಕಲಿಯುವ ಹೆಲಿಕಾಪ್ಟರು

2019ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಸಹ್ಯಾದ್ರಿಯ ಮೇಲೆ ಸುರಿದ ಭಾರಿ ಮಳೆಯಿಂದ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಒಮ್ಮೆಗೇ ಉಕ್ಕಿ ಹರಿದವು. ಜಮಖಂಡಿ, ರಬಕವಿ-ಬನಹಟ್ಟಿ, ಬೀಳಗಿ ಭಾಗಗಳ ಕೃಷ್ಣಾತೀರದ ಊರುಗಳೂ ಮುಧೋಳದ ಘಟಪ್ರಭಾತೀರದ ಕಬ್ಬಿನ ಹೊಲಗಳೂ ನೀರಿನ ಪಾಲಾದವು. ಅದೇ ನೆರೆಯಲ್ಲಿ, ಹಂಪೆಯ ಎದುರಿನ ವಿರೂಪಾಪುರಗಡ್ಡೆಯಲ್ಲಿ ಸಿಕ್ಕಿಕೊಂಡವರನ್ನು ಕರೆತರಲು ದೋಣಿಗಳ ಜತೆಗೆ ಹೆಲಿಕಾಪ್ಟರುಗಳನ್ನೂ ಬಳಸಬೇಕಾಯಿತು. ರಸ್ತೆ ಮುಳುಗಿ, ಪ್ರವಾಹದ ಸೆಳೆತಕ್ಕೆ ದೋಣಿಯೂ ನಿಲ್ಲದಂತಾದಾಗ ಆಕಾಶಮಾರ್ಗವೊಂದೇ ಉಳಿಯುವುದು.

ಇಂತಹ ಯಂತ್ರವನ್ನು ವಿದ್ಯಾರ್ಥಿಗಳು ತಾವೇ ಕಟ್ಟಿ ನೋಡಬಹುದಾದ ಒಂದು ಗಣಕಯಂತ್ರದ ಆಟವುಂಟು. 2018ರಲ್ಲಿ ಮೊದಲು ಹೊರಬಂದ ಅದರ ಹೆಸರು ಸ್ಟಾರ್ಮ್‌ವರ್ಕ್ಸ್. ಇದರಲ್ಲಿ ಆಟಗಾರನು ಚಿಕ್ಕ ಚಿಕ್ಕ ಘನಗಳನ್ನು ಜೋಡಿಸಿ ಒಡಲನ್ನು ಕಟ್ಟಬೇಕು; ಎಂಜಿನು, ಇಂಧನದ ತೊಟ್ಟಿ, ರೋಟರು, ಹಗ್ಗ ಸುತ್ತುವ ರಾಟೆ ಇವುಗಳನ್ನು ಇರಿಸಬೇಕು; ಬಳಿಕ ಬಿರುಗಾಳಿಯಲ್ಲಿ ಹಾರಿ ಅಪಾಯದಲ್ಲಿರುವವರನ್ನು ಎತ್ತಿ ತರಬೇಕು. ಆಟವೆಂದರೆ ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಆದರೆ ಈ ಆಟದಲ್ಲಿ ಸೋಲುವವರನ್ನು ಸೋಲಿಸುವುದು ಬಹುಮಟ್ಟಿಗೆ ನ್ಯೂಟನ್ನನ ನಿಯಮಗಳೇ. ಆದುದರಿಂದ ಅದರ ಭೌತವಿಜ್ಞಾನವನ್ನು ನಾವು ಇಲ್ಲಿ ಪರಿಶೀಲಿಸೋಣ.

ಗಾಳಿಯನ್ನು ತಳ್ಳಿ ನಿಲ್ಲುವುದು

ಹೆಲಿಕಾಪ್ಟರು ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ; ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿಯನ್ನು ಎಷ್ಟು ವೇಗದಿಂದ ತಳ್ಳಲಾಯಿತೆಂಬುದರ ಗುಣಲಬ್ಧವೇ ಎತ್ತುವ ಬಲ. ಆದರೆ ತೆರಬೇಕಾದ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾದುದು. ಆದ್ದರಿಂದ ಸ್ವಲ್ಪ ಗಾಳಿಯನ್ನು ರಭಸದಿಂದ ತಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳುವುದೇ ಲಾಭಕರ. ಭಾರ ಅಷ್ಟೇ ಇದ್ದು ರೋಟರಿನ ವ್ಯಾಸವನ್ನು ಇಮ್ಮಡಿಗೊಳಿಸಿದರೆ, ಒಂದೆಡೆ ನಿಂತು ತೇಲಲು ಬೇಕಾದ ಸಾಮರ್ಥ್ಯ ಅರ್ಧಕ್ಕೆ ಇಳಿಯುತ್ತದೆ. ಚಿಕ್ಕ ರೋಟರಿಗೆ ದೊಡ್ಡ ಎಂಜಿನು ಜೋಡಿಸಿ ಬೀಗುವ ಆಟಗಾರನ ಇಂಧನ ಅರ್ಧ ದಾರಿಯಲ್ಲೇ ಮುಗಿಯುವುದರ ಗುಟ್ಟು ಇದೇ.

ನಿಜವಾದ ಉದಾಹರಣೆಯೊಂದನ್ನು ತೆಗೆದುಕೊಳ್ಳೋಣ. ಬೆಂಗಳೂರಿನ ಹಿಂದುಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯ ಧ್ರುವ ಹೆಲಿಕಾಪ್ಟರು 1992ರಲ್ಲಿ ಮೊದಲು ಹಾರಿತು. ಅದರ ರೋಟರಿನ ವ್ಯಾಸ 13.2 ಮೀಟರು, ಗರಿಷ್ಠ ತೂಕ ಸುಮಾರು 5500 ಕಿಲೋಗ್ರಾಂ. ಜಮಖಂಡಿಯ ನೆಲ ಸಮುದ್ರಮಟ್ಟದಿಂದ ಅರ್ಧ ಕಿಲೋಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಬೆಚ್ಚನೆಯ ದಿನ ಅಲ್ಲಿಯ ಒಂದು ಘನ ಮೀಟರು ಗಾಳಿ ಸುಮಾರು 1.1 ಕಿಲೋಗ್ರಾಂ ತೂಗುವುದೆಂದಿಟ್ಟುಕೊಂಡರೆ, ತುಂಬಿದ ಧ್ರುವವು ಒಂದೆಡೆ ನಿಲ್ಲಲು ಯಾವ ನಷ್ಟವೂ ಇಲ್ಲದಿದ್ದಾಗಲೂ ಸುಮಾರು 720 ಕಿಲೋವಾಟ್, ಎಂದರೆ ಸುಮಾರು 970 ಅಶ್ವಶಕ್ತಿ ಬೇಕು. ವಾಸ್ತವದಲ್ಲಿ ಇದಕ್ಕಿಂತ ಬಹಳ ಹೆಚ್ಚೇ ಬೇಕಾಗುತ್ತದೆ.

ಇನ್ನೊಂದು ಮಾತು. ಬೇಕಾದ ಸಾಮರ್ಥ್ಯ ಭಾರದಷ್ಟೇ ಏರುವುದಿಲ್ಲ. ಅದಕ್ಕಿಂತ ಬೇಗ ಏರುತ್ತದೆ. 4500 ಕಿಲೋಗ್ರಾಮಿನ ಯಂತ್ರ 5500 ಕಿಲೋಗ್ರಾಂ ಆದಾಗ ಭಾರ ಶೇಕಡ 22ರಷ್ಟು ಹೆಚ್ಚಿದರೆ, ಸಾಮರ್ಥ್ಯ ಶೇಕಡ 35ರಷ್ಟು ಹೆಚ್ಚಬೇಕು. "ಇನ್ನೊಬ್ಬರನ್ನು ಹತ್ತಿಸಿಕೊಳ್ಳಲೇ?" ಎಂಬ ಪ್ರಶ್ನೆಗೆ ಚಾಲಕನು ಕರುಣೆಯೊಂದರಿಂದಲೇ ಉತ್ತರ ಕೊಡಲಾರ, ಅವನು ಲೆಕ್ಕವನ್ನೂ ನೋಡಬೇಕು.

ಬುಗುರಿಯಾಗದಂತೆ ತಡೆಯುವುದು

ಹೊಸಬರು ಕಟ್ಟಿದ ಮೊದಲ ಹೆಲಿಕಾಪ್ಟರು ನೆಲ ಬಿಟ್ಟೊಡನೆ ಬುಗುರಿಯಂತೆ ಗಿರ್ರನೆ ತಿರುಗುವುದುಂಟು. ಎಂಜಿನು ರೋಟರನ್ನು ಒಂದು ಕಡೆಗೆ ತಿರುಗಿಸಿದರೆ, ಪ್ರತಿಕ್ರಿಯೆಯಿಂದ ಒಡಲು ಎದುರು ದಿಕ್ಕಿಗೆ ತಿರುಗುತ್ತದೆ. ಇಗೋರ್ ಸಿಕೋರ್ಸ್ಕಿ 1939ರಲ್ಲಿ ಅಮೆರಿಕದಲ್ಲಿ ಹಾರಿಸಿದ ಯಂತ್ರದಲ್ಲಿ ಬಾಲದ ತುದಿಗೆ ಚಿಕ್ಕ ರೋಟರೊಂದನ್ನು ಅಡ್ಡಲಾಗಿ ಇರಿಸಿ ಈ ತಿರುಚನ್ನು ತಡೆದನು. ಬಾಲ ಉದ್ದವಾದಷ್ಟೂ ಸ್ವಲ್ಪ ಬಲವೇ ಸಾಕು. ಬಾಗಿಲನ್ನು ಅದರ ತುದಿಯಲ್ಲಿ ಹಿಡಿದು ನೂಕಿದಂತೆ. ಆದರೆ ಬಾಲವನ್ನು ಬಹಳ ಉದ್ದ ಮಾಡಿದರೆ ಹಿಂಭಾರ ಹೆಚ್ಚಿ ಗುರುತ್ವಕೇಂದ್ರ ರೋಟರಿನ ಕೆಳಗಿನಿಂದ ಜಾರುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡುವ ಈ ತೂಗಾಟವೇ ಎಂಜಿನಿಯರನ ದಿನನಿತ್ಯದ ಕೆಲಸ.

ಹಗ್ಗದ ಕಷ್ಟ

ರಕ್ಷಣೆಯ ನಿಜವಾದ ಪರೀಕ್ಷೆ ಹಗ್ಗದಲ್ಲಿದೆ. ಮೇಲೆ ಹೇಳಿದ ಧ್ರುವವು ಕೆಳಗೆ ತಳ್ಳುವ ಗಾಳಿಯ ವೇಗ, ಲೆಕ್ಕದ ಪ್ರಕಾರ, ಗಂಟೆಗೆ ಸುಮಾರು 96 ಕಿಲೋಮೀಟರು. ಅಷ್ಟು ರಭಸಕ್ಕೆ ಮಾಡಿನ ತಗಡು ಹಾರೀತು, ಸಣ್ಣ ದೋಣಿ ಮಗುಚೀತು. ಮೇಲಕ್ಕೆ ಹೋದಂತೆಲ್ಲ ಈ ಗಾಳಿ ಹರಡಿ ನೆಲದ ಬಳಿ ಸೌಮ್ಯವಾಗುತ್ತದೆ. ಆದುದರಿಂದ ಎತ್ತರದಲ್ಲಿ ನಿಂತು ಉದ್ದದ ಹಗ್ಗ ಇಳಿಸುವುದು ಲೇಸು. ಆದರೆ ಉದ್ದದ ಹಗ್ಗವೆಂದರೆ ಲೋಲಕ. 30 ಮೀಟರಿನ ಹಗ್ಗದಲ್ಲಿ ತೂಗುವವನು ಒಮ್ಮೆ ಹೋಗಿ ಬರಲು ಸುಮಾರು 11 ಸೆಕೆಂಡು ಬೇಕು. ತೂಗಾಟ ನಿಲ್ಲುವ ಮೊದಲೇ ಹಗ್ಗವನ್ನು ಎಳೆದರೆ ತೂಗುವ ಕೋನ ಹಿಗ್ಗುತ್ತ ಹೋಗುತ್ತದೆ. ಇದನ್ನು ಕಲ್ಲು ಕಟ್ಟಿದ ದಾರವೊಂದರಿಂದ ಯಾರೂ ಮನೆಯಲ್ಲೇ ನೋಡಬಹುದು.

ಆಗ ಚಾಲಕನು ಅಲುಗದೆ ನಿಲ್ಲಬೇಕು. ಆಟದಲ್ಲಿ ಈ ಕೆಲಸಕ್ಕೆ ಸ್ವಯಂಚಾಲಿತ ನಿಯಂತ್ರಕವನ್ನು ರಚಿಸಬಹುದು. 30 ಮೀಟರಿನಲ್ಲಿ ನಿಲ್ಲಬೇಕಾದ ಯಂತ್ರ 27ರಲ್ಲಿದ್ದರೆ, ಕೊರತೆಗೆ ತಕ್ಕಷ್ಟು ಬಲ ಹೆಚ್ಚಿಸೆಂದು ಹೇಳಿದರಾಯಿತೇ? ಸಾಲದು. ಯಂತ್ರ ಏರಿ, 30ನ್ನು ದಾಟಿ, ಮತ್ತೆ ಇಳಿದು ಉಯ್ಯಾಲೆಯಾಡುತ್ತದೆ. ಗುರಿಯತ್ತ ಎಷ್ಟು ವೇಗದಿಂದ ಧಾವಿಸುತ್ತಿದೆಯೆಂಬುದನ್ನೂ ಅಳೆದು, ಆ ವೇಗಕ್ಕೆ ತಕ್ಕಂತೆ ಬಲವನ್ನು ಕುಗ್ಗಿಸಬೇಕು. ಇಳಿಜಾರಿನಲ್ಲಿ ಗಾಡಿ ಹೊಡೆಯುವವನು ಮನೆ ಕಾಣುವ ಮೊದಲೇ ಹಗ್ಗ ಬಿಗಿಹಿಡಿಯುವನಲ್ಲವೇ? ಇದೂ ಹಾಗೆಯೇ.

ಆಟ ಹೇಳದಿರುವುದು

ಹಗ್ಗದ ರಾಟೆಯಿಂದ ಹೆಲಿಕಾಪ್ಟರು ಮನುಷ್ಯರನ್ನು ಕಾಪಾಡಿದ ಮೊದಮೊದಲ ನಿದರ್ಶನ 1945ರ ನವೆಂಬರ್ 29ರಂದು ಅಮೆರಿಕದ ಕನೆಕ್ಟಿಕಟ್ ತೀರದಲ್ಲಿ ನಡೆಯಿತು. ಬಿರುಗಾಳಿಗೆ ಸಿಕ್ಕಿದ ದೋಣಿಯಿಂದ ಇಬ್ಬರನ್ನು ಎತ್ತಲಾಯಿತು. ಅಲ್ಲಿ ಮತ್ತೊಮ್ಮೆ ಪ್ರಯತ್ನಿಸಲು ಗುಂಡಿ ಒತ್ತುವ ಸೌಕರ್ಯವಿರಲಿಲ್ಲ. ಆಟದಲ್ಲಿ ಯಂತ್ರ ಬಿದ್ದರೆ ಹೊಸದನ್ನು ಕ್ಷಣದಲ್ಲಿ ಪಡೆಯಬಹುದು. ಹೊಲದ ನಡುವಿನ ವಿದ್ಯುತ್ ತಂತಿ, ಹೆದರಿ ಹಗ್ಗ ಬಿಡದ ಮುದುಕ, ಮಗುವನ್ನು ಬಿಟ್ಟು ಬರಲೊಲ್ಲದ ತಾಯಿ, ಇವರು ತೆರೆಯ ಮೇಲೆ ಕಾಣರು.

ಆದರೂ ಕಟ್ಟಿ ನೋಡುವುದರ ಬೆಲೆ ಕಡಮೆಯಲ್ಲ. ಜಮಖಂಡಿ ಸೀಮೆಯ ರೈತರು ಸರಕಾರಕ್ಕಾಗಿ ಕಾಯದೆ ತಮ್ಮ ಹಣ, ತಮ್ಮ ದುಡಿಮೆಗಳಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿ 1989ರಲ್ಲಿ ಮುಗಿಸಿದರು. ಅದೇ ನಾಡಿನ ವಿದ್ಯಾರ್ಥಿಗಳಿಗೆ ನಮ್ಮ ಸೂಚನೆಯಿಷ್ಟೆ: ಘನಗಳನ್ನು ಜೋಡಿಸುವ ಮೊದಲು ಕಾಗದ ಪೆನ್ಸಿಲು ತೆಗೆದುಕೊಂಡು ಭಾರ, ವ್ಯಾಸ, ಸಾಮರ್ಥ್ಯಗಳನ್ನು ಲೆಕ್ಕಹಾಕಿರಿ. ಬಳಿಕ ಹಾರಿಸಿರಿ. ಲೆಕ್ಕಕ್ಕೂ ಹಾರಾಟಕ್ಕೂ ವ್ಯತ್ಯಾಸ ಕಂಡರೆ ಕಾರಣವನ್ನು ಹುಡುಕಿರಿ. ಮುಂದಿನ ನೆರೆಯ ವೇಳೆಗೆ ನಿಮ್ಮಲ್ಲೊಬ್ಬರು ನಿಜವಾದ ಯಂತ್ರದ ಬಳಿ ನಿಂತಿರಬಹುದು.