ಖಡ್ಗವೂ ಶಿಲುಬೆಯೂ

ಹಿಂಸೆಯ ವಿಷಯದಲ್ಲಿ ಕ್ರೈಸ್ತಮತವು ಏನನ್ನು ಬೋಧಿಸುವುದೆಂದು ಕೇಳಿದರೆ ಎರಡು ಬಗೆಯ ಉತ್ತರಗಳು ದೊರೆಯುವುವು. ಒಂದು ಕೆನ್ನೆಗೆ ಹೊಡೆದವನಿಗೆ ಇನ್ನೊಂದನ್ನೂ ಒಡ್ಡಬೇಕೆಂಬ ಉಪದೇಶವೇ ಅದರ ಸಾರವೆಂದು ಕೆಲವರು ಹೇಳುವರು. ಶಿಲುಬೆಯ ಗುರುತನ್ನು ಧರಿಸಿ ದಂಡೆತ್ತಿಹೋದ ಸೇನೆಗಳ ಚರಿತ್ರೆಯನ್ನು ತೋರಿಸಿ, ಆ ಉಪದೇಶವು ಬರಿಯ ಬಾಯಿಮಾತೆಂದು ಮತ್ತೆ ಕೆಲವರು ಹಳಿಯುವರು. ಧರ್ಮಗ್ರಂಥದಿಂದ ವಾಕ್ಯವೊಂದನ್ನು ಕಿತ್ತು ಓದುವುದರಿಂದ ಆಗುವ ಅನರ್ಥವೆಷ್ಟು, ಹಿಂದುಮುಂದಿನ ಸಂದರ್ಭದೊಡನೆ ಓದುವುದರಿಂದ ದೊರೆಯುವ ತಿಳಿವೆಷ್ಟು ಎಂಬುದನ್ನು ಅರಿಯಬಯಸುವವರು ಈ ವಿಷಯವನ್ನು ಕೊಂಚ ಪರ್ಯಾಲೋಚಿಸುವುದು ಲೇಸು.

ಬೈಬಲಿನ ಪೂರ್ವಭಾಗವಾದ ಹಳೆಯ ಒಡಂಬಡಿಕೆಯಲ್ಲಿ ಘೋರವಾದ ಯುದ್ಧಗಳ ವರ್ಣನೆಯುಂಟು. ಯೆಹೋಶುವನ ಸೇನೆಯು ಯೆರಿಕೋ ಪಟ್ಟಣವನ್ನು ಹಿಡಿದಾಗ ಸ್ತ್ರೀಯರು, ವೃದ್ಧರು, ಬಾಲರೆನ್ನದೆ ಸಂಹರಿಸಿತೆಂದು ಅಲ್ಲಿಯೇ ಬರೆದಿದೆ. ಇದನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಆದರೆ ಜನಾಂಗಗಳು ತಮ್ಮ ಕತ್ತಿಗಳನ್ನು ನೇಗಿಲಿನ ಗುಳಗಳನ್ನಾಗಿ ಮಾಡಿಕೊಳ್ಳುವ ಕಾಲವೊಂದನ್ನು ಯೆಶಾಯ, ಮೀಕ ಎಂಬ ಪ್ರವಾದಿಗಳು ಮುಂಗಂಡುದೂ ಅದೇ ಗ್ರಂಥದಲ್ಲಿಯೇ.

ಹೊಸ ಒಡಂಬಡಿಕೆಯಲ್ಲಿ ಖಡ್ಗದ ಪಕ್ಷದವರು ಮುಖ್ಯವಾಗಿ ಮೂರು ಸ್ಥಳಗಳನ್ನು ಆಧಾರವಾಗಿ ಹಿಡಿಯುವರು. ಯೇಸುವು ಲೋಕಕ್ಕೆ ಖಡ್ಗವನ್ನು ತರಲು ಬಂದನೆಂಬ ಅರ್ಥದ ಮಾತು ಮತ್ತಾಯನ ಸುವಾರ್ತೆಯಲ್ಲಿರುವುದು ನಿಜ. ಆದರೆ ಇದೇ ಪ್ರಸಂಗವನ್ನು ಬರೆಯುವಾಗ ಲೂಕನು ಖಡ್ಗವೆಂಬ ಪದವಿರಬೇಕಾದಲ್ಲಿ ಭೇದವೆಂಬ ಪದವನ್ನು ಇಟ್ಟಿರುವನು. ನಂಬಿಕೆಯ ನಿಮಿತ್ತ ಒಂದೇ ಮನೆಯ ತಂದೆಮಕ್ಕಳಲ್ಲಿ ಉಂಟಾಗುವ ಒಡಕೇ ಎರಡೆಡೆಗಳಲ್ಲಿಯೂ ಹೇಳಲ್ಪಟ್ಟಿದೆ. ಎರಡನೆಯದು, ಬಂಧನದ ರಾತ್ರಿಯಲ್ಲಿ ಕತ್ತಿಯನ್ನು ಕೊಂಡುಕೊಳ್ಳುವಂತೆ ಯೇಸುವು ಶಿಷ್ಯರಿಗೆ ಹೇಳಿದುದು. ಅದೇ ರಾತ್ರಿ ಶಿಷ್ಯನೊಬ್ಬನು ಮಹಾಯಾಜಕನ ಆಳಿನ ಕಿವಿಯನ್ನು ಕತ್ತರಿಸಿದಾಗ ಯೇಸುವು ತಡೆದು, ತನ್ನನ್ನು ಹಿಡಿಯಬಂದವನ ಆ ಕಿವಿಯನ್ನು ಮುಟ್ಟಿ ಗುಣಪಡಿಸಿದನೆಂದು ಅದೇ ಲೂಕನು ಬರೆದಿರುವನು. ಮಾತಿನ ಅರ್ಥದಲ್ಲಿ ಸಂಶಯ ಬಂದರೆ ಆಡಿದವನ ನಡತೆಯನ್ನಲ್ಲವೇ ನೋಡಬೇಕಾದುದು?

ಮೂರನೆಯದು ಅಧಿಕಾರದಲ್ಲಿರುವವರು ವಿಶೇಷವಾಗಿ ಮನಸ್ಸಿಡತಕ್ಕುದು. ಆಳುವವನು ದೇವರ ಸೇವಕನಾಗಿ ಖಡ್ಗವನ್ನು ಧರಿಸಿರುವನೆಂದೂ ಪ್ರಜೆಗಳು ಅವನಿಗೆ ಅಧೀನರಾಗಿರಬೇಕೆಂದೂ ಪೌಲನು ರೋಮಾಪುರದವರಿಗೆ ಬರೆದ ಪತ್ರದ 13ನೆಯ ಅಧ್ಯಾಯದಲ್ಲಿದೆ. ಆದರೆ ಈ ಅಧ್ಯಾಯವಿಭಾಗವು ಪೌಲನದಲ್ಲ. ಅದು ಕ್ರಿಸ್ತಶಕ 13ನೆಯ ಶತಮಾನದಲ್ಲಿ ರೂಢಿಗೆ ಬಂದುದು. ಆ ವಿಭಾಗವನ್ನು ಬಿಟ್ಟು ಪತ್ರವನ್ನು ಒಂದೇ ಧಾರೆಯಾಗಿ ಓದಿದರೆ, ಸೇಡನ್ನು ತೊರೆದು ಹಸಿದ ಶತ್ರುವಿಗೆ ಅನ್ನವಿಕ್ಕಬೇಕೆಂಬ ವಿಧಿಯು ಮೊದಲು ಬರುವುದು. ನೆರೆಯವನ ಮೇಲಿನ ಪ್ರೀತಿಯಲ್ಲಿ ಧರ್ಮವೆಲ್ಲವೂ ಅಡಗಿದೆಯೆಂಬ ಮಾತು ಕಡೆಗೆ ಬರುವುದು. ರಾಜದಂಡದ ಪ್ರಸ್ತಾಪವು ಇವೆರಡರ ನಡುವೆ ಇದೆ; ಆ ದಂಡವಾದರೂ ಪ್ರಜೆಯ ಹಿತಕ್ಕಾಗಿ, ಕೇಡುಮಾಡುವವನ ಮೇಲೆ ಮಾತ್ರ. ದಕ್ಷಿಣ ಆಫ್ರಿಕದಲ್ಲಿ ವರ್ಣಭೇದದ ಪ್ರಭುತ್ವವನ್ನು ಸಮರ್ಥಿಸಲು ಈ ವಾಕ್ಯಗಳನ್ನು ಬಳಸಿದಾಗ, ಅಲ್ಲಿಯ ಕ್ರೈಸ್ತ ಪಂಡಿತರೇ 1985ರಲ್ಲಿ ಕೈರೋಸ್ ಪತ್ರವನ್ನು ಪ್ರಕಟಿಸಿ ಆ ವ್ಯಾಖ್ಯಾನವನ್ನು ಖಂಡಿಸಿದರು.

ಸಭೆಯ ಚರಿತ್ರೆಯೂ ಇದನ್ನೇ ತಿಳಿಸುವುದು. ಕ್ರಿಸ್ತಶಕ 295ರಲ್ಲಿ ಉತ್ತರ ಆಫ್ರಿಕದ ಮ್ಯಾಕ್ಸಿಮಿಲಿಯಾನನೆಂಬ ತರುಣನು, ಕ್ರೈಸ್ತನಾದ ತಾನು ಸೈನಿಕನಾಗಲಾರೆನೆಂದು ಹೇಳಿ ರೋಮನ್ ಅಧಿಕಾರಿಯಿಂದ ಮರಣದಂಡನೆಯನ್ನು ಹೊಂದಿದನು. 313ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನನು ಮತಸ್ವಾತಂತ್ರ್ಯವನ್ನಿತ್ತ ತರುವಾಯ ಸಭೆಯು ಸಿಂಹಾಸನಕ್ಕೆ ಸಮೀಪವಾಯಿತು. ಯುದ್ಧಕ್ಕೆ ನ್ಯಾಯವಾದ ಕಾರಣವೂ ಯೋಗ್ಯವಾದ ಅಧಿಕಾರವೂ ಶಾಂತಿಯ ಉದ್ದೇಶವೂ ಇರಬೇಕೆಂದು ಅಗಸ್ಟೀನನು ವಿಚಾರಮಾಡಿದುದು ಆ ಬಳಿಕ. ಯುದ್ಧಕ್ಕೆ ಕಡಿವಾಣವಾಗಬೇಕಾಗಿದ್ದ ಈ ವಿಚಾರವೇ ಮುಂದೆ ಯುದ್ಧಕ್ಕೆ ಅಪ್ಪಣೆಚೀಟಿಯಾಯಿತು. 1095ರಲ್ಲಿ ಪೋಪ್ ಎರಡನೆಯ ಅರ್ಬನನು ಧರ್ಮಯುದ್ಧಕ್ಕೆ ಕರೆಕೊಟ್ಟನು; 1099ರಲ್ಲಿ ಯೆರೂಸಲೇಮು ವಶವಾದಾಗ ಮುಸಲ್ಮಾನರೂ ಯೆಹೂದ್ಯರೂ ಗುಂಪುಗುಂಪಾಗಿ ಹತರಾದರು.

ಹಾಗೆಂದು ಯೇಸುವಿನ ಉಪದೇಶವು ಹೇಡಿತನವನ್ನು ಕಲಿಸುವುದೆಂದು ಭಾವಿಸಲಾಗದು. ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಮಹಾತ್ಮಾ ಗಾಂಧಿಯವರು ಯೇಸುವಿನ ಗಿರಿಪ್ರವಚನವನ್ನು ಓದಿ, ಗೀತೆಯೊಡನೆ ಹೋಲಿಸಿ, ಅದನ್ನು ಹೃದಯದಲ್ಲಿ ಧಾರಣಮಾಡಿದುದು ಸರ್ವವಿದಿತವಷ್ಟೆ. 1955ರಲ್ಲಿ ಅಮೆರಿಕದ ಮಾಂಟ್‌ಗೊಮರಿಯಲ್ಲಿ ನೀಗ್ರೋ ಜನರ ಬಸ್ಸು ಬಹಿಷ್ಕಾರವನ್ನು ನಡೆಯಿಸಿದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗರು, ತಮಗೆ ಪ್ರೇರಣೆಯು ಯೇಸುವಿನಿಂದಲೂ ವಿಧಾನವು ಗಾಂಧಿಯವರಿಂದಲೂ ದೊರೆಯಿತೆಂದು ಹೇಳಿರುವರು. ಇಬ್ಬರೂ ಅನ್ಯಾಯಕ್ಕೆ ತಲೆಬಾಗಲಿಲ್ಲ. ಇಬ್ಬರೂ ಗುಂಡಿಗೆ ಬಲಿಯಾದರು.

ಗ್ರಂಥದಿಂದ ಖಡ್ಗಕ್ಕೆ ಸಮರ್ಥನೆಯನ್ನು ಹುಡುಕುವವನಿಗೆ ಯಾವ ಮತದಲ್ಲಿಯೂ ಒಂದು ವಾಕ್ಯವು ಸಿಕ್ಕೇ ಸಿಕ್ಕುವುದು. ಆ ವಾಕ್ಯದ ಹಿಂದಿನ ಸಾಲನ್ನೂ ಮುಂದಿನ ಸಾಲನ್ನೂ ಓದಿಸುವುದು ಆಯಾ ಮತದ ವಿದ್ವಾಂಸರ ಕರ್ತವ್ಯವು. ಓದಿದ ಹೊರತು ನಂಬದಿರುವುದು ನಾಗರಿಕನ ಕರ್ತವ್ಯವು.